ದೈವ, ಪುರುಷಾರ್ಥ ಮತ್ತು ಬಾವಿಯ ನೀರು

ವ್ರತ ನಿಯಮಗಳ ವಿಷಯವಾಗಿ ನಾಲ್ಕು ಜನ ಶ್ರಾವಕರು ಕೂಡಿ ಮಾತನಾಡುವಲ್ಲಿ ಈಚೆಗೆ ಒಂದು ಪ್ರಶ್ನೆ ತಪ್ಪದೆ ತಲೆದೋರುತ್ತದೆ. ಬಂದುದನ್ನು ಸಮಭಾವದಿಂದ ಸ್ವೀಕರಿಸಿ ಬಾಳುವುದು ಶ್ರೇಯಸ್ಸೋ, ಅಥವಾ ವಿಜ್ಞಾನವು ದಿನದಿನಕ್ಕೆ ನೀಡುತ್ತಿರುವ ಹೊಸ ಸಾಧನಗಳನ್ನು ಉತ್ಸಾಹದಿಂದ ಕೈಗೊಂಡು ಬಾಳನ್ನು ಸುಧಾರಿಸಿಕೊಳ್ಳುವುದು ಶ್ರೇಯಸ್ಸೋ? ಹಿರಿಯರು ಮೊದಲನೆಯದನ್ನು ಹಿಡಿಯುತ್ತಾರೆ, ತರುಣರು ಎರಡನೆಯದನ್ನು. ಹಿರಿಯರು ಕರ್ಮೋದಯ ಎನ್ನುತ್ತಾರೆ. ತರುಣರು ಪುರುಷಾರ್ಥ ಎನ್ನುತ್ತಾರೆ. ಎರಡೂ ನಮ್ಮ ಶಾಸ್ತ್ರದ ಶಬ್ದಗಳೇ ಆಗಿರುವುದರಿಂದ ವಾದವು ಮುಗಿಯುವುದಿಲ್ಲ. ಈ ಪ್ರಶ್ನೆಯನ್ನು ಬರಿಯ ತರ್ಕದಲ್ಲಿ ಉಳಿಸದೆ ನಮ್ಮ ಬೀದರ ಸೀಮೆಯ ನೆಲದಲ್ಲಿ ಇಟ್ಟು ನೋಡುವುದು ಮೇಲು. ಬೀದರ, ಭಾಲ್ಕಿ, ಔರಾದ ಈ ಮೂರೂ ಕಡೆ ನೆಲದ ಕೆಳಗಿನ ನೀರೇ ಈ ಪ್ರಶ್ನೆಗೆ ಸಾಕ್ಷಿಯಾಗಿದೆ.

ಸ್ವೀಕಾರದ ತತ್ತ್ವವನ್ನು ಸರಳವಾಗಿಯೂ ಆಳವಾಗಿಯೂ ಬೋಧಿಸಿದವರಲ್ಲಿ ಚೀನಾ ದೇಶದ ತಾವೋ ಪಂಥದವರು ಅಗ್ರಗಣ್ಯರು. ಲಾವೋತ್ಸೆ ಎಂಬ ಜ್ಞಾನಿಯ ಹೆಸರಿನಲ್ಲಿ ಪರಂಪರೆಯು ಹೇಳುವ 'ತಾವೋ ತೆ ಚಿಂಗ್' ಎಂಬ ಚಿಕ್ಕ ಗ್ರಂಥವು ಅವರಿಗೆ ಮೂಲಾಧಾರ. ತಾವೋ ಎಂದರೆ ದಾರಿ. ಜಗತ್ತು ತನ್ನಷ್ಟಕ್ಕೆ ತಾನು ನಡೆಯುವ ರೀತಿ. ಆ ರೀತಿಗೆ ಅಡ್ಡಬಾರದೆ, ಬಲಾತ್ಕಾರವಿಲ್ಲದೆ ವರ್ತಿಸುವುದನ್ನು ಅವರು 'ವು ವೈ' ಎಂದು ಕರೆದರು. ಇದನ್ನು ಆಲಸ್ಯವೆಂದು ತಿಳಿಯಬಾರದು. ಈಜು ಬಲ್ಲವನು ಹೊಳೆಯ ಸೆಳವನ್ನು ಅರಿತು ದಾಟುವಂತೆ, ಬಡಗಿಯು ಮರದ ಎಳೆಯನ್ನು ನೋಡಿಕೊಂಡು ಬಾಚಿ ಹಾಕುವಂತೆ, ವಸ್ತುವಿನ ಗುಣವನ್ನು ತಿಳಿದು ಅದರೊಡನೆ ನಡೆಯುವುದೇ ಅದರ ಅರ್ಥ. ಅವರಿಗೆ ನೀರು ಅತ್ಯಂತ ಪ್ರಿಯವಾದ ದೃಷ್ಟಾಂತ. ನೀರು ಎಲ್ಲ ಜೀವಿಗಳಿಗೂ ಉಪಕಾರ ಮಾಡುತ್ತದೆ, ಆದರೂ ಮೇಲೇರಲು ಹವಣಿಸದೆ ಬೇರೆಯವರು ಒಲ್ಲೆನ್ನುವ ತಗ್ಗಿಗೇ ಹರಿಯುತ್ತದೆ ಎಂಬುದು ಅವರ ನಿರೂಪಣೆಯ ಸಾರ.

ಇದೇ ಪಂಥದ ಇನ್ನೊಬ್ಬ ಆಚಾರ್ಯನಾದ ಚುವಾಂಗ್‌ತ್ಸೆಯ ಹೆಸರಿನ ಗ್ರಂಥದಲ್ಲಿ ನಮ್ಮ ಪ್ರಶ್ನೆಗೆ ತೀರ ಹತ್ತಿರವಾದ ಒಂದು ಕಥೆಯಿದೆ. ಕನ್‌ಫ್ಯೂಷಿಯಸ್ಸನ ಶಿಷ್ಯನೊಬ್ಬನು ದಾರಿಯಲ್ಲಿ ಹೋಗುತ್ತಿರುವಾಗ ಒಬ್ಬ ಮುದುಕ ತೋಟಗಾರನನ್ನು ಕಂಡನಂತೆ. ಆ ಮುದುಕನು ಬಾವಿಯೊಳಗೆ ಇಳಿದು, ಗಡಿಗೆಯಲ್ಲಿ ನೀರು ತುಂಬಿ, ಹೊತ್ತು ತಂದು ಗಿಡಗಳಿಗೆ ಎರೆಯುತ್ತಿದ್ದನು. ಶ್ರಮ ಬಹಳ, ಫಲ ಸ್ವಲ್ಪ. ಶಿಷ್ಯನು ಮರುಗಿ, ಏತವೆಂಬ ಯಂತ್ರವೊಂದಿದೆಯೆಂದೂ ಅದರಿಂದ ದಿನಕ್ಕೆ ನೂರು ಮಡಿಗಳಿಗೆ ನೀರುಣಿಸಬಹುದೆಂದೂ ಹೇಳಿದನು. ಏತವೆಂದರೇನೆಂದು ತನಗೆ ಗೊತ್ತಿಲ್ಲದೆ ಇಲ್ಲ, ಅದನ್ನು ಬಳಸಲು ನಾಚಿಕೆಯಾಗುತ್ತದೆ ಎಂದು ಮುದುಕನ ಉತ್ತರ. ಯಂತ್ರವನ್ನು ಹಿಡಿದವನ ಕೆಲಸವು ಯಂತ್ರದಂತಾಗುತ್ತದೆ. ಕ್ರಮೇಣ ಮನಸ್ಸೂ ಯಂತ್ರದಂತಾಗುತ್ತದೆ ಎಂಬುದು ಅವನ ಭಯ. ಆದರೆ ಕಥೆ ಇಲ್ಲಿಗೇ ನಿಲ್ಲುವುದಿಲ್ಲ. ಶಿಷ್ಯನು ಹಿಂದಿರುಗಿ ಇದನ್ನು ವರದಿ ಮಾಡಿದಾಗ, ಆ ಮುದುಕನು ಒಂದನ್ನು ಬಲ್ಲನೇ ಹೊರತು ಎರಡನೆಯದನ್ನು ಅರಿಯನು ಎಂಬ ಅರ್ಥದ ಮಾತನ್ನು ಗುರುವಿನ ಬಾಯಲ್ಲಿ ಹೇಳಿಸಿದ್ದಾರೆ. ಒಂದನ್ನೇ ಹಿಡಿದು ಇನ್ನೊಂದನ್ನು ಬಿಡುವುದಕ್ಕೆ ನಮ್ಮಲ್ಲಿ ಏಕಾಂತವೆಂದು ಹೆಸರು. ಸ್ವೀಕಾರವನ್ನು ಬೋಧಿಸುವ ಗ್ರಂಥವೇ ಸ್ವೀಕಾರದ ಏಕಾಂತವನ್ನು ಶಂಕಿಸಿರುವುದು ಗಮನಾರ್ಹ.

ಜೈನ ದರ್ಶನದ ನಿಲುವು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಭಗವಾನ್ ಮಹಾವೀರರ ಕಾಲದಲ್ಲಿಯೇ ಮಂಖಲಿ ಗೋಶಾಲನ ಆಜೀವಿಕ ಮತವು ಎಲ್ಲವೂ ನಿಯತಿಯಿಂದಲೇ ಆಗುತ್ತದೆ, ಪ್ರಯತ್ನಕ್ಕೆ ಬೆಲೆಯಿಲ್ಲ ಎಂದು ಸಾರಿತ್ತು. ನಮ್ಮ ಆಚಾರ್ಯರು ಅದನ್ನು ಒಪ್ಪಲಿಲ್ಲ. ಕಾಲ, ಸ್ವಭಾವ, ನಿಯತಿ, ಪೂರ್ವಕೃತ ಕರ್ಮ, ಪುರುಷಪ್ರಯತ್ನ ಈ ಐದರಲ್ಲಿ ಯಾವುದೊಂದನ್ನೇ ಕಾರಣವೆಂದು ಹಿಡಿದರೂ ಅದು ಮಿಥ್ಯಾತ್ವ, ಕೂಡಿಸಿ ನೋಡಿದರೆ ಸಮ್ಯಕ್ತ್ವ ಎಂದು ಸಿದ್ಧಸೇನರು 'ಸನ್ಮತಿ ತರ್ಕ'ದಲ್ಲಿ ನಿರ್ಣಯಿಸಿದರು. ಸಮಂತಭದ್ರ ಸ್ವಾಮಿಗಳು 'ಆಪ್ತಮೀಮಾಂಸೆ'ಯಲ್ಲಿ ಇನ್ನೂ ಮುಂದೆ ಹೋಗಿ, ದೈವವೊಂದೇ ಕಾರಣವಾದರೆ ಮೋಕ್ಷಕ್ಕಾಗಿ ಮಾಡುವ ಪ್ರಯತ್ನವೂ ನಿಷ್ಫಲವಾಗಬೇಕಾದೀತು. ಪೌರುಷವೊಂದೇ ಕಾರಣವಾದರೆ ಎಲ್ಲ ಪ್ರಾಣಿಗಳ ಪ್ರಯತ್ನವೂ ತಪ್ಪದೆ ಫಲಿಸಬೇಕಾದೀತು ಎಂದು ಎರಡು ಪಕ್ಷಗಳನ್ನೂ ತೂಗಿದ್ದಾರೆ. ಬುದ್ಧಿಪೂರ್ವಕವಲ್ಲದೆ ಒದಗುವ ಇಷ್ಟಾನಿಷ್ಟಗಳಲ್ಲಿ ದೈವವು ಪ್ರಧಾನ, ಬುದ್ಧಿಪೂರ್ವಕವಾಗಿ ಮಾಡಿದುದರಿಂದ ಒದಗುವವುಗಳಲ್ಲಿ ಪೌರುಷವು ಪ್ರಧಾನ ಎಂಬುದು ಅವರ ತೀರ್ಮಾನ. ಔರಾದದ ರೈತನೊಬ್ಬನು ಮೂರು ಕಡೆ ಕೊಳವೆ ಬಾವಿ ಕೊರೆಯಿಸಿ ಮೂರರಲ್ಲಿಯೂ ಬರಿಯ ಪುಡಿಗಲ್ಲನ್ನೇ ಕಂಡಾಗ ಈ ತೀರ್ಮಾನದ ಮೊದಲ ಭಾಗ ಅವನಿಗೆ ಚೆನ್ನಾಗಿ ಅರ್ಥವಾಗುತ್ತದೆ. ಆದರೆ ಎರಡನೆಯ ಭಾಗವನ್ನು ನಾವು ಸುಲಭವಾಗಿ ಮರೆಯುತ್ತೇವೆ. ನಾವೇ ಬುದ್ಧಿಪೂರ್ವಕವಾಗಿ ಬರಿದು ಮಾಡಿದ ನೀರಿಗೆ ದೈವವನ್ನು ಹೊಣೆ ಮಾಡುವುದು ಶಾಸ್ತ್ರಸಮ್ಮತವಲ್ಲ.

ಯಂತ್ರ ಶಿಲ್ಪಾದಿಗಳನ್ನು ನಮ್ಮ ಪರಂಪರೆ ಹೀನವೆಂದು ಎಣಿಸಲಿಲ್ಲ ಎಂಬುದಕ್ಕೆ ಆದಿನಾಥರ ಚರಿತ್ರೆಯೇ ಪ್ರಮಾಣ. ಭೋಗಭೂಮಿ ಕಳೆದು ಕಲ್ಪವೃಕ್ಷಗಳು ಕ್ಷೀಣಿಸಿ ಪ್ರಜೆಗಳು ಹಸಿವಿನಿಂದ ಕಂಗೆಟ್ಟಾಗ ಭಗವಾನ್ ವೃಷಭದೇವರು ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ ಎಂಬ ಷಟ್ಕರ್ಮಗಳನ್ನು ಬೋಧಿಸಿದರೆಂದು ಜಿನಸೇನಾಚಾರ್ಯರ ಮಹಾಪುರಾಣದಲ್ಲಿದೆ. ೯೪೧ರಲ್ಲಿ ಪಂಪನು ತನ್ನ 'ಆದಿಪುರಾಣ'ದಲ್ಲಿ ಆ ಚರಿತ್ರೆಯನ್ನು ಕನ್ನಡಕ್ಕೆ ತಂದನು. ಹಸಿದು ಬಂದ ಪ್ರಜೆಗಳಿಗೆ ಸ್ವಾಮಿಯು 'ಇದು ನಿಮ್ಮ ಕರ್ಮ, ಸಹಿಸಿರಿ' ಎನ್ನಲಿಲ್ಲ. ಕಾಲ ಬದಲಾಯಿತೆಂಬುದನ್ನು ಒಪ್ಪಿ, ಬದಲಾದ ಕಾಲಕ್ಕೆ ತಕ್ಕ ವಿದ್ಯೆಯನ್ನು ಕಲಿಸಿದರು. ಇಲ್ಲಿ ಕ್ರಮವೊಂದಿದೆ: ಮೊದಲು ಕೊರತೆ, ಆಮೇಲೆ ಶಿಲ್ಪ. ಇಂದು ಅನೇಕ ಸಲ ಈ ಕ್ರಮ ತಿರುಗಿ, ಸಾಧನವು ಮೊದಲು ಮನೆಗೆ ಬಂದು ಕೊರತೆಯು ಅದರ ಹಿಂದೆ ಹುಟ್ಟುತ್ತದೆ.

ಇನ್ನು ನಮ್ಮ ಊರಿನ ನೀರಿನ ವಿಷಯಕ್ಕೆ ಬರೋಣ. ೧೫ನೆಯ ಶತಮಾನದಲ್ಲಿ ಬಹಮನಿ ಸುಲ್ತಾನ ಅಹಮದ್ ಶಾ ವಲಿಯು ರಾಜಧಾನಿಯನ್ನು ಕಲಬುರಗಿಯಿಂದ ಬೀದರಕ್ಕೆ ತಂದನು. ಬೀದರವು ಸಮುದ್ರಮಟ್ಟಕ್ಕಿಂತ ೨,೦೦೦ ಅಡಿಗೂ ಎತ್ತರದ ಪ್ರಸ್ಥಭೂಮಿಯ ಮೇಲಿದೆ. ಹೊಳೆಯು ಕೆಳಗೆ ದೂರದಲ್ಲಿದೆ. ರಾಜಧಾನಿಯೊಂದರ ಜನಕ್ಕೆ ನೀರು ಎಲ್ಲಿಂದ ಬರಬೇಕು? ಆಗ ಪಾರಸಿ ದೇಶದ ಕಾರೇಜ್ ವಿದ್ಯೆಯು ಇಲ್ಲಿಗೆ ಬಂದಿತು. ನಮ್ಮ ಜನ ಅದನ್ನು ಸುರಂಗ ಬಾವಿ ಎನ್ನುತ್ತಾರೆ. ನೌಬಾದ, ಶುಕ್ಲತೀರ್ಥ, ಜಮನಾ ಮೋರಿ ಎಂಬ ಮೂರು ಸುರಂಗ ಬಾವಿಗಳ ಜಾಲವು ಇಂದಿಗೂ ಗುರುತಿಗೆ ಸಿಗುತ್ತದೆ. ನೌಬಾದದ್ದು ಎರಡು ಕಿಲೋಮೀಟರಿಗೂ ಉದ್ದವಾಗಿದೆ.

ಇದರ ರಚನೆಯನ್ನು ತಿಳಿದರೆ ನಮ್ಮ ಪ್ರಶ್ನೆಯ ಅರ್ಧ ಭಾಗ ಪರಿಹಾರವಾಗುತ್ತದೆ. ಬೀದರದ ಮೇಲ್ನೆಲವು ಕೆಂಪು ಜಂಬಿಟ್ಟಿಗೆ ಕಲ್ಲಿನದು. ಅದು ರಂಧ್ರಮಯ, ಮಳೆಯ ನೀರನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಅದರ ಕೆಳಗೆ ಗಟ್ಟಿಯಾದ ಕರಿಕಲ್ಲಿನ ಪದರವಿದೆ. ಅಲ್ಲಿ ನೀರಿನ ಇಳಿತ ತಡೆಯುತ್ತದೆ. ಈ ಎರಡು ಪದರಗಳು ಕೂಡುವ ಸ್ಥಳದಲ್ಲಿ ನೀರು ಸಂಚರಿಸುತ್ತದೆ. ಗುರುನಾನಕ ಝೀರಾದ ಝರಿ, ಝರಣಿ ನರಸಿಂಹನ ಗುಹೆಯ ನೀರು, ಇವೂ ಇದೇ ಜಂಬಿಟ್ಟಿಗೆಯ ನೆಲ ಒಸರಿಸಿದ ನೀರೇ. ಸುರಂಗ ಬಾವಿಯನ್ನು ತೋಡಿದವರು ಎತ್ತರದಲ್ಲಿ ನೀರಿನ ಸೆಲೆ ಮುಟ್ಟುವ ತಾಯಿಬಾವಿಯೊಂದನ್ನು ಗುರುತಿಸಿ, ಅಲ್ಲಿಂದ ಊರಿನ ಕಡೆಗೆ ಅತ್ಯಲ್ಪ ಇಳಿಜಾರಿನ ಸುರಂಗವನ್ನು ಕೊರೆದರು. ನಡುನಡುವೆ ಗಾಳಿ ಬೆಳಕಿಗಾಗಿಯೂ ಮಣ್ಣು ಮೇಲೆತ್ತುವುದಕ್ಕಾಗಿಯೂ ಬಾವಿಯಂಥ ಗವಾಕ್ಷಿಗಳನ್ನು ಸಾಲಾಗಿ ಬಿಟ್ಟರು. ನೀರೆತ್ತಲು ರಾಟೆ ಬೇಡ, ಎತ್ತು ಬೇಡ, ಏತವೂ ಬೇಡ. ನೀರು ತನ್ನ ಭಾರದಿಂದ ತಾನೇ ನಡೆದು ಊರಿಗೆ ಬರುತ್ತದೆ.

ಇದನ್ನು ತೋಡಿಸಿದವರು ಬಂದುದನ್ನು ಸಹಿಸಿಕೊಂಡು ಕುಳಿತವರಲ್ಲ. ಆ ಕಾಲಕ್ಕೆ ಇದು ಅತ್ಯಂತ ಮುಂದುವರಿದ ತಂತ್ರವಿದ್ಯೆ; ಪರದೇಶದಿಂದ ಬಂದುದು; ಕತ್ತಲೆಯಲ್ಲಿ ಕಲ್ಲು ಕಡಿದ ಕೂಲಿಕಾರರ ಬೆವರಿನಿಂದ ಆದದ್ದು. ಅವರು ನೀರಿನ ಕೊರತೆಯನ್ನು ಒಪ್ಪಲಿಲ್ಲ. ನೀರಿನ ಸ್ವಭಾವವನ್ನು ಒಪ್ಪಿದರು. ಚೀನಾದಲ್ಲಿಯೂ ಹೀಗೆಯೇ ನಡೆದುದುಂಟು. ಕ್ರಿಸ್ತಪೂರ್ವ ೨೫೬ರ ಸುಮಾರಿಗೆ ಲೀ ಬಿಂಗ್ ಎಂಬ ಅಧಿಕಾರಿಯು ಸಿಚುವಾನ್ ಪ್ರಾಂತದ ಮಿನ್ ನದಿಗೆ ಅಡ್ಡಗಟ್ಟೆ ಹಾಕದೆ, ಹರಿವಿನ ನಡುವೆ ದಿಬ್ಬವೊಂದನ್ನು ಕಟ್ಟಿ ನೀರನ್ನು ಎರಡಾಗಿ ಸೀಳಿ, ಗುಡ್ಡವನ್ನು ಕಡಿದು ಒಂದು ಭಾಗವನ್ನು ಹೊಲಗಳಿಗೆ ತಿರುಗಿಸಿದನು. ದುಜಿಯಾಂಗ್ಯಾನ್ ಎಂಬ ಆ ಕಾಲುವೆಯ ವ್ಯವಸ್ಥೆ ಇಂದಿಗೂ ನೀರುಣಿಸುತ್ತಿದೆ. ಸ್ವಭಾವವನ್ನು ಒಪ್ಪಿ ಮಾಡಿದ ಪುರುಷಾರ್ಥಕ್ಕೆ ಆಯುಷ್ಯ ಹೆಚ್ಚು ಎಂಬುದಕ್ಕೆ ಇವೆರಡು ನಿದರ್ಶನಗಳು ಸಾಕು. ವಸ್ತುವಿನ ಸ್ವಭಾವವನ್ನೇ ಧರ್ಮವೆಂದು ಕರೆದ ಪರಂಪರೆಯವರಾದ ನಮಗೆ ಇದು ಹೊಸ ಮಾತಲ್ಲ.

ಸುರಂಗ ಬಾವಿಯಲ್ಲಿ ಇನ್ನೊಂದು ವಿಶೇಷವಿದೆ. ಸೆಲೆಯು ಎಷ್ಟು ಕೊಡುವುದೋ ಅಷ್ಟನ್ನೇ ಅದು ತರಬಲ್ಲದು. ನೀರಿನ ಮಟ್ಟ ತಾಯಿಬಾವಿಯ ತಳಕ್ಕಿಂತ ಕೆಳಗಿಳಿದರೆ ಸುರಂಗವು ಒಣಗಿ ನಿಲ್ಲುತ್ತದೆ. ಅದಕ್ಕಿಂತ ಆಳಕ್ಕೆ ಕೈಚಾಚುವ ಶಕ್ತಿ ಅದಕ್ಕಿಲ್ಲ. ಆ ಯಂತ್ರದ ಹೊಟ್ಟೆಯಲ್ಲಿಯೇ ಒಂದು ಪರಿಮಾಣ ವ್ರತವಿದೆ ಎನ್ನಬಹುದು. ಅದನ್ನು ಬಳಸುವವನು ಲೋಭಿಯಾದರೂ ಅದು ಅವನ ಲೋಭಕ್ಕೆ ಒಗ್ಗುವುದಿಲ್ಲ. ಕೊಳವೆ ಬಾವಿಯ ಗುಣ ಇದಕ್ಕೆ ವಿರುದ್ಧವಾದುದು. ಅದು ಇನ್ನೂರು ಅಡಿಗೆ ಸಿಗದಿದ್ದರೆ ನಾನೂರಕ್ಕೆ, ನಾನೂರಕ್ಕೆ ಸಿಗದಿದ್ದರೆ ಎಂಟುನೂರಕ್ಕೆ ಇಳಿಯಬಲ್ಲದು. ಅದರೊಳಗೆ 'ಸಾಕು' ಎಂಬ ಮಾತಿಲ್ಲ. ಆದುದರಿಂದ ಆ ಮಾತನ್ನು ಹೇಳುವ ಹೊಣೆ ಮನುಷ್ಯನ ಮೇಲೆ ಬಂದಿತು. ಈ ಲೇಖನದ ಮುಖ್ಯ ಪ್ರತಿಪಾದನೆ ಇಷ್ಟೇ: ಹಳೆಯ ಸಾಧನಗಳು ತಮ್ಮ ಮಿತಿಯನ್ನು ತಾವೇ ಹೊತ್ತಿದ್ದವು, ಹೊಸ ಸಾಧನಗಳ ಮಿತಿಯನ್ನು ನಾವು ಹೊರಬೇಕಾಗಿದೆ. ಆದಕಾರಣ ವಿಜ್ಞಾನವು ಬೆಳೆದಷ್ಟೂ ವ್ರತದ ಅವಶ್ಯಕತೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ಕೊಳವೆ ಬಾವಿಯನ್ನು ನಿಂದಿಸಿದಂತೆ ಯಾರೂ ಭಾವಿಸಬಾರದು. ೧೯೭೨ರ ಬರಗಾಲವು ದಖ್ಖನದ ಜನರನ್ನು ಹೇಗೆ ಹಣ್ಣು ಮಾಡಿತೆಂಬುದನ್ನು ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಆ ಬಳಿಕ ಹಳ್ಳಿ ಹಳ್ಳಿಗೆ ಬಂದ ಕೈಪಂಪು ಎಷ್ಟೋ ಪ್ರಾಣಗಳನ್ನು ಉಳಿಸಿತು. ನಾರುಹುಣ್ಣಿನ ರೋಗವನ್ನು ನೆನೆಯಿರಿ. ಮೆಟ್ಟಿಲಿಳಿದು ನೀರು ತುಂಬುವ ಬಾವಿಗಳಿಂದ ಆ ರೋಗ ಹರಡುತ್ತಿತ್ತು. ನೀರಿನಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಯ ಒಡಲಲ್ಲಿ ಅದರ ಮರಿಹುಳು ಸೇರಿಕೊಂಡು, ಸೋಸದೆ ಕುಡಿದವನ ದೇಹದಲ್ಲಿ ಬೆಳೆದು, ವರ್ಷದ ಮೇಲೆ ಕಾಲಿನ ಚರ್ಮ ಸೀಳಿಕೊಂಡು ದಾರದಂತೆ ಹೊರಬರುತ್ತಿತ್ತು. ಕರ್ನಾಟಕವೂ ಸೇರಿ ದೇಶದ ಏಳು ರಾಜ್ಯಗಳಲ್ಲಿ ಅದು ನೆಲೆಸಿತ್ತು. ಅದನ್ನು ಕರ್ಮಫಲವೆಂದು ಸಹಿಸಿಕೊಂಡಿದ್ದರೆ ಅದು ಇಂದಿಗೂ ಇರುತ್ತಿತ್ತು. ಮೆಟ್ಟಿಲು ಬಾವಿಗಳನ್ನು ಮಾರ್ಪಡಿಸಿ, ಕೈಪಂಪು ಹಾಕಿಸಿ, ಬಟ್ಟೆಯಲ್ಲಿ ಸೋಸಿದ ನೀರನ್ನೇ ಕುಡಿಯಿರೆಂದು ಮನೆ ಮನೆಗೆ ತಿಳಿಹೇಳಿದ ಫಲವಾಗಿ ೧೯೯೬ರಲ್ಲಿ ದೇಶದ ಕೊನೆಯ ರೋಗಿ ಕಂಡುಬಂದನು. ೨೦೦೦ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತವನ್ನು ಈ ರೋಗದಿಂದ ಮುಕ್ತವೆಂದು ಘೋಷಿಸಿತು. ಸೋಸುವ ಬಟ್ಟೆ ನಮ್ಮ ಅಜ್ಜಿಯರ ಕೈಯದು. ಕೊಳವೆ ಬಾವಿ ಎಂಜಿನಿಯರರ ಕೈಯದು. ಎರಡೂ ಕೂಡಿ ಒಂದು ವ್ಯಾಧಿಯನ್ನು ನಿರ್ಮೂಲ ಮಾಡಿದವು.

ಸ್ವೀಕಾರವನ್ನು ಯಾರು ಯಾರಿಗೆ ಬೋಧಿಸಬೇಕು ಎಂಬ ಪ್ರಶ್ನೆಯೂ ಇಲ್ಲಿ ಏಳುತ್ತದೆ. ಬೇಸಗೆ ಬಂತೆಂದರೆ ಹಳ್ಳಿಯ ಶಾಲೆಯ ಹಾಜರಿ ಪುಸ್ತಕದಲ್ಲಿ ಹೆಣ್ಣುಮಕ್ಕಳ ಹೆಸರಿನ ಮುಂದೆ ಗೈರುಹಾಜರಿಯ ಗುರುತುಗಳು ಸಾಲುಗಟ್ಟುವುದನ್ನು ನನ್ನಂಥ ಶಾಲಾ ಶಿಕ್ಷಕರೆಲ್ಲರೂ ಕಂಡಿದ್ದೇವೆ. ಹುಡುಗಿ ತಾಯಿಯ ಹಿಂದೆ ಕೊಡ ಹೊತ್ತು ಹೋಗಿರುತ್ತಾಳೆ. ದಿನಕ್ಕೆ ಎರಡು ಕೊಡದಲ್ಲಿ ಸಂಸಾರ ಸಾಗಿಸುವ ಆ ತಾಯಿಯು ಭೋಗೋಪಭೋಗ ಪರಿಮಾಣ ವ್ರತವನ್ನು ಆಚರಿಸುತ್ತಿದ್ದಾಳೆಯೆ? ಇಲ್ಲ. ಅನ್ನವಿಲ್ಲದವನ ಹಸಿವು ಉಪವಾಸವಾಗುವುದಿಲ್ಲ. ಎಡೆಯ ಮುಂದೆ ಕುಳಿತು ಸ್ವೇಚ್ಛೆಯಿಂದ ಏಳುವವನದು ಉಪವಾಸ. ವ್ರತವು ತಾನಾಗಿ ತನಗೆ ವಿಧಿಸಿಕೊಳ್ಳುವಂಥದು. ಇನ್ನೊಬ್ಬರ ಮೇಲೆ ಹೇರಿದ ಕೊರತೆಗೆ ವ್ರತವೆಂದು ಹೆಸರಿಡುವುದು ಹಿಂಸೆಯೇ ಸರಿ. ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿಯ ಬಳಿ ಕಾರಂಜಾ ಹೊಳೆಗೆ ಅಣೆಕಟ್ಟು ಕಟ್ಟಿದ್ದರಿಂದ ಅನೇಕರಿಗೆ ನೀರು ಸಿಕ್ಕಿತು. ಅನೇಕರ ಹೊಲಗಳು ಮುಳುಗಿದವು. ಮುಳುಗಡೆಯ ರೈತರು ನ್ಯಾಯವಾದ ಪರಿಹಾರಕ್ಕಾಗಿ ಬಹುಕಾಲ ಹೋರಾಡಬೇಕಾಯಿತು. ನೀರು ಪಡೆದವರು ಅವರಿಗೆ ತಾಳ್ಮೆಯನ್ನು ಉಪದೇಶಿಸುವುದು ಸಲ್ಲದು. ತಂತ್ರವಿದ್ಯೆಯ ಲಾಭ ಒಬ್ಬನಿಗೆ, ಸ್ವೀಕಾರದ ಧರ್ಮ ಇನ್ನೊಬ್ಬನಿಗೆ ಎಂಬ ಹಂಚಿಕೆಯಲ್ಲಿ ಸಮತೆಯಿಲ್ಲ.

ಹಾಗಾದರೆ ನೀರು ದೊರೆತವನ ಕರ್ತವ್ಯವೇನು? ಇಲ್ಲಿಂದಲೇ ವ್ರತದ ಅಧಿಕಾರ ಆರಂಭವಾಗುತ್ತದೆ. ೧೦ ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಗಳಿಗೆ ನಮ್ಮ ರಾಜ್ಯದಲ್ಲಿ ವಿದ್ಯುತ್ತು ಉಚಿತ. ಬಡ ರೈತನಿಗೆ ಇದು ದೊಡ್ಡ ಉಪಕಾರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಸಾಧನದೊಳಗೆ ಮಿತಿಯಿಲ್ಲದಿರುವಾಗ ಬೆಲೆಯ ಮಿತಿಯೂ ತೆಗೆದುಹೋಯಿತು. ವಿದ್ಯುತ್ತು ಬಂದೊಡನೆ ತಾನಾಗಿಯೇ ಪಂಪನ್ನು ನಡೆಸುವ ಆಟೋ ಸ್ಟಾರ್ಟರನ್ನು ಅನೇಕ ಹೊಲಗಳಲ್ಲಿ ಕಾಣಬಹುದು. ರಾತ್ರಿ ಎರಡು ಗಂಟೆಗೆ ವಿದ್ಯುತ್ತು ಬರುತ್ತದೆ, ಒಡೆಯನು ಮಲಗಿರುತ್ತಾನೆ, ನೀರು ಹರಿಯುತ್ತಿರುತ್ತದೆ. ಮಳೆ ಸುರಿಯುತ್ತಿದ್ದರೂ ಹರಿಯುತ್ತದೆ. ಸೆಳೆದವನಿಗೆ ಅರಿವಿಲ್ಲ, ಹೊಲಕ್ಕೆ ಬೇಕಾಗಿಲ್ಲ. ತೊಗರಿ, ಹೆಸರು, ಉದ್ದುಗಳು ಮಳೆಯನ್ನೇ ನಂಬಿ ಬೆಳೆಯುವ ನಮ್ಮ ನೆಲದಲ್ಲಿ ವರ್ಷವೆಲ್ಲ ನೀರು ಬೇಡುವ ಕಬ್ಬನ್ನು ಕೊಳವೆ ಬಾವಿಯ ಬಲದಿಂದಲೇ ಬೆಳೆಯಹೊರಟರೆ ನೆರೆಯವನ ತೆರೆದ ಬಾವಿ ಬತ್ತುತ್ತದೆ. ಸುರಂಗ ಬಾವಿಯ ಸುತ್ತಲೂ ಆಳವಾದ ಕೊಳವೆಗಳನ್ನು ಇಳಿಸಿದರೆ ನೀರಿನ ಮಟ್ಟ ಜಾರಿ ಅದೂ ಒಣಗುತ್ತದೆ. ಐದು ಶತಮಾನ ಸಾವಿರಾರು ಜನಕ್ಕೆ ಸೇರಿದ್ದ ನೀರು ಕೆಲವರ ಪೈಪಿನೊಳಗೆ ಸೇರಿಬಿಡುತ್ತದೆ. ೨೦೧೬ರ ಏಪ್ರಿಲಿನಲ್ಲಿ ನಮ್ಮ ನೆರೆಯ ಲಾತೂರಿಗೆ ಮೀರಜದಿಂದ ರೈಲಿನಲ್ಲಿ ನೀರು ತರಬೇಕಾಯಿತೆಂಬುದನ್ನು ಮರೆಯಬಾರದು.

ಪರಿಗ್ರಹವೆಂದರೆ ವಸ್ತುವಲ್ಲ, ವಸ್ತುವಿನಲ್ಲಿರುವ ಮೂರ್ಛೆ ಎಂದು ಉಮಾಸ್ವಾಮಿಗಳು 'ತತ್ತ್ವಾರ್ಥಸೂತ್ರ'ದಲ್ಲಿ ಲಕ್ಷಣ ಹೇಳಿದ್ದಾರೆ. ಚೀನಾದ ಆ ಮುದುಕ ತೋಟಗಾರನು ಹೆದರಿದ್ದು ಈ ಮೂರ್ಛೆಗೇ. ಆದರೆ ದೋಷವನ್ನು ಏತದ ಮೇಲೆ ಹೊರಿಸಿದನು. ಏತವನ್ನು ಬಿಟ್ಟವನಿಗೂ ಮೂರ್ಛೆ ಇರಬಹುದು, ಏತವನ್ನು ಹಿಡಿದವನಿಗೂ ಎಚ್ಚರವಿರಬಹುದು. ಎಚ್ಚರ ತಪ್ಪುವುದಕ್ಕೆ ಪ್ರಮಾದವೆಂದು ಹೆಸರು. ಪ್ರಮಾದಯುಕ್ತವಾದ ವ್ಯಾಪಾರದಿಂದ ಪ್ರಾಣಘಾತವಾದರೆ ಅದೇ ಹಿಂಸೆ ಎಂದು ಅದೇ ಸೂತ್ರಗ್ರಂಥದ ನಿರ್ಣಯ. ನೀರು ಬಾರದ ಕೊಳವೆ ಬಾವಿಯ ಬಾಯನ್ನು ಮುಚ್ಚದೆ ಬಿಟ್ಟು ಹೋಗುವುದಕ್ಕಿಂತ ಸ್ಪಷ್ಟವಾದ ಪ್ರಮಾದ ಇನ್ನಾವುದು? ಹೀಗೆ ತೆರೆದಿಟ್ಟ ಬಾಯಿಗಳಲ್ಲಿ ಕೂಸುಗಳು ಬಿದ್ದು ಸಾಯುವುದನ್ನು ಕಂಡು ಸರ್ವೋಚ್ಚ ನ್ಯಾಯಾಲಯವು ೨೦೧೦ರಲ್ಲಿ ಬೇಲಿ, ಮುಚ್ಚಳ, ಮಣ್ಣು ತುಂಬುವಿಕೆಗಳ ಬಗ್ಗೆ ನಿರ್ದೇಶನಗಳನ್ನೇ ಕೊಡಬೇಕಾಯಿತು.

೨೦೨೪ರ ಏಪ್ರಿಲಿನಲ್ಲಿ ವಿಜಯಪುರ ಜಿಲ್ಲೆ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಪುಟ್ಟ ಬಾಲಕನೊಬ್ಬನು ಕೊಳವೆ ಬಾವಿಗೆ ಬಿದ್ದನು. ಕ್ಯಾಮೆರಾ ಇಳಿಸಿ ನೋಡಿದರು, ಆಮ್ಲಜನಕದ ಕೊಳವೆ ಇಳಿಸಿದರು, ಯಂತ್ರಗಳಿಂದ ಪಕ್ಕದಲ್ಲಿ ಗುಂಡಿ ತೋಡಿದರು; ಸುಮಾರು ಇಪ್ಪತ್ತು ಗಂಟೆಗಳ ಬಳಿಕ ಮಗುವನ್ನು ಜೀವಂತವಾಗಿ ಮೇಲೆತ್ತಿದರು. ಆ ಇಪ್ಪತ್ತು ಗಂಟೆಗಳಲ್ಲಿ 'ದೈವೇಚ್ಛೆ' ಎಂದು ಕೈಬಿಟ್ಟಿದ್ದರೆ ಅದು ಸಮಭಾವವಾಗುತ್ತಿರಲಿಲ್ಲ, ನಿರ್ದಯತೆಯಾಗುತ್ತಿತ್ತು. ಸಮಂತಭದ್ರರು 'ರತ್ನಕರಂಡ'ದಲ್ಲಿ ಸಲ್ಲೇಖನೆಯಂಥ ಪರಮ ಸ್ವೀಕಾರವನ್ನು ಹೇಳುವಾಗ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗಗಳೆಂದು ಎಣಿಸಿ, ಅವು 'ನಿಷ್ಪ್ರತೀಕಾರ'ವಾಗಿರಬೇಕು ಎಂಬ ನಿಬಂಧನೆ ಹಾಕಿದ್ದಾರೆ. ಪ್ರತೀಕಾರವಿರುವವರೆಗೆ ಪ್ರಯತ್ನ, ಪ್ರತೀಕಾರ ಮುಗಿದಲ್ಲಿ ಸ್ವೀಕಾರ. ವಿಜ್ಞಾನವು ಈ ಗಡಿಯನ್ನು ಮುಂದೆ ಮುಂದೆ ಸರಿಸುತ್ತಿದೆ. ನಮ್ಮ ಅಜ್ಜಂದಿರ ಕಾಲದಲ್ಲಿ ನಿಷ್ಪ್ರತೀಕಾರವಾಗಿದ್ದ ಎಷ್ಟೋ ದುಃಖಗಳಿಗೆ ಈಗ ಪ್ರತೀಕಾರವುಂಟು. ಅದಕ್ಕೆ ನಾವು ಸಂತೋಷಪಡಬೇಕು. ಆದರೆ ಗಡಿ ಸರಿದೀತೇ ಹೊರತು ಅಳಿಯದು. ಮಳೆ ಬಂದಷ್ಟೇ ನೆಲಕ್ಕೆ ನೀರು; ನೆಲದಲ್ಲಿದ್ದಷ್ಟೇ ಪಂಪಿಗೆ ನೀರು. ಈ ಸತ್ಯಕ್ಕೆ ಯಾವ ಯಂತ್ರವೂ ಪ್ರತೀಕಾ‌ರವಲ್ಲ.

ಇನ್ನು ಆಚರಣೆಯ ಮಾತು. ಅನರ್ಥದಂಡ ವಿರತಿಯನ್ನು ವಿವರಿಸುವಾಗ 'ರತ್ನಕರಂಡ'ವು ನಿಷ್ಫಲವಾಗಿ ನೆಲವನ್ನು ತೋಡುವುದು, ನೀರನ್ನು ಚೆಲ್ಲುವುದು ಮೊದಲಾದವನ್ನು ಪ್ರಮಾದಚರ್ಯೆಯೆಂದು ಹೇಳಿದೆ. ಗುದ್ದಲಿಯಂಥ ಖನಿತ್ರವನ್ನು ಸುಮ್ಮನೆ ಇನ್ನೊಬ್ಬರ ಕೈಗೆ ಕೊಡುವುದನ್ನು ಹಿಂಸಾದಾನದಲ್ಲಿ ಎಣಿಸಿದೆ. ಗೃಹಸ್ಥನು ಉಳುಮೆಗಾಗಿ, ಕುಡಿಯುವ ನೀರಿಗಾಗಿ ನೆಲ ತೋಡುವುದು ಆರಂಭೀ, ಉದ್ಯೋಗೀ ಹಿಂಸೆಗಳಲ್ಲಿ ಸೇರುತ್ತದೆ. ಅದನ್ನು ಸಂಪೂರ್ಣ ಬಿಡಲು ಅವನಿಗೆ ಶಕ್ಯವಿಲ್ಲವೆಂದು ಆಚಾರ್ಯರಿಗೆ ಗೊತ್ತಿತ್ತು. ಅವರು ತಡೆದದ್ದು ನಿಷ್ಫಲವಾದುದನ್ನು. ಈ ಒಂದು ಶಬ್ದವನ್ನು ಒರೆಗಲ್ಲಾಗಿ ಇಟ್ಟುಕೊಂಡರೆ ಇಂದಿನ ಅನೇಕ ಸಂದೇಹಗಳು ತೀರುತ್ತವೆ. ಮೊದಲನೆಯ ಬಾವಿಯಲ್ಲಿ ನೀರಿದ್ದೂ ಎರಡನೆಯದನ್ನು ಕೊರೆಯುವುದು, ಹೊಲ ತೊಯ್ದ ಮೇಲೆಯೂ ಪಂಪು ನಡೆಸುವುದು, ತೊಟ್ಟಿ ತುಂಬಿ ಚೆಲ್ಲುತ್ತಿದ್ದರೂ ಗುಂಡಿ ಆರಿಸದಿರುವುದು ನಿಷ್ಫಲ. ಹನಿ ನೀರಾವರಿ ಹಾಕಿಸಿ ಅದೇ ನೀರಿನಲ್ಲಿ ಹೆಚ್ಚು ಬೆಳೆಯುವುದು ಸಫಲ. ಹಾಗೆ ಉಳಿಸಿದ ನೀರಿನಿಂದ ಇನ್ನೆರಡು ಎಕರೆ ಕಬ್ಬು ಹೆಚ್ಚಿಸಿದರೆ ಪುನಃ ತೃಷ್ಣೆ.

ನೀರು ಸೋಸುವ ನಮ್ಮ ವಿಧಿಯಲ್ಲಿ ಒಂದು ಸೂಕ್ಷ್ಮವಿದೆ. ಸೋಸಿದ ಬಟ್ಟೆಯಲ್ಲಿ ಉಳಿದ ಜೀವಾಣಿಯನ್ನು, ನೀರು ತಂದ ಬಾವಿಗೇ ಮೆಲ್ಲನೆ ಇಳಿಸಿ ಬಿಡಬೇಕು. ಬೇರೆ ನೀರಿಗೆ ಬಿಡಬಾರದು. ಸೋಸಿದ ನೀರಿಗೆ ೪೮ ನಿಮಿಷಗಳ ಮರ್ಯಾದೆ, ಚೆನ್ನಾಗಿ ಕುದಿಸಿದ ನೀರಿಗೆ ೨೪ ಗಂಟೆಗಳ ಮರ್ಯಾದೆ. ತೆಗೆದುಕೊಂಡವನು ಮರಳಿಸುವ ಹೊಣೆಯನ್ನೂ ಕಾಲದ ಮಿತಿಯನ್ನೂ ಹೊರಬೇಕೆಂಬುದು ಇದರ ತಾತ್ಪರ್ಯ. ಆರೂವರೆ ಅಂಗುಲದ ಕೊಳವೆಯೊಳಕ್ಕೆ ಮೋಟರನ್ನು ಇಳಿಸಿ ಬಾಯಿ ಬಿಗಿದ ಬಾವಿಗೆ ಜೀವಾಣಿಯನ್ನು ಮರಳಿಸುವುದು ಹೇಗೆ? ಈ ಕಾರಣದಿಂದಲೇ ಮುನಿಗಳ ಆಹಾರಕ್ಕೆ ಇಂದಿಗೂ ಅನೇಕ ಕಡೆ ತೆರೆದ ಬಾವಿಯ ನೀರನ್ನೇ ತರುತ್ತಾರೆ. ಆ ವಿಧಿಯಲ್ಲಿ ನಾವು ಕೈಹಾಕಬೇಕಾಗಿಲ್ಲ. ಊರಿಗೊಂದಾದರೂ ತೆರೆದ ಬಾವಿಯನ್ನು ಶುಚಿಯಾಗಿ ಕಾಪಾಡಿಕೊಳ್ಳೋಣ. ಆದರೆ ಕೊಳವೆ ಬಾವಿಯ ನೀರನ್ನು ಬಳಸುವ ಗೃಹಸ್ಥನು ಆ ವಿಧಿಯ ಭಾವವನ್ನಾದರೂ ಉಳಿಸಿಕೊಳ್ಳಬಹುದಷ್ಟೆ. ಮನೆಯ ಮಾಳಿಗೆಯ ಮೇಲೆ ಬಿದ್ದ ಮಳೆಯ ನೀರನ್ನು ಗಟಾರಕ್ಕೆ ಬಿಡದೆ, ಮರಳು ಜಲ್ಲಿ ತುಂಬಿದ ಇಂಗುಗುಂಡಿಯ ಮೂಲಕ ನೆಲಕ್ಕೆ ಇಳಿಸಿದರೆ, ತೆಗೆದುಕೊಂಡುದರಲ್ಲಿ ಒಂದು ಪಾಲನ್ನು ಮರಳಿಸಿದಂತಾಗುತ್ತದೆ. ಇದು ಶಾಸ್ತ್ರವಿಧಿಗೆ ಬದಲಿಯಲ್ಲ. ಆದರೆ ಅದರ ಮನೋಧರ್ಮಕ್ಕೆ ಸಮೀಪವಾದುದು.

'ನಾನೊಬ್ಬನು ಪಂಪು ನಿಲ್ಲಿಸಿದರೆ ನೆರೆಯವನು ಸೆಳೆದುಕೊಳ್ಳುತ್ತಾನೆ; ನನ್ನ ವ್ರತದಿಂದ ಯಾರಿಗೆ ಲಾಭ?' ಎಂಬ ಆಕ್ಷೇಪವಿದೆ. ಇದು ಬಲವಾದ ಆಕ್ಷೇಪ, ತಳ್ಳಿಹಾಕುವಂತಿಲ್ಲ. ನೆಲದ ಕೆಳಗೆ ಬದುವಿಲ್ಲ. ಒಬ್ಬನ ಸಂಯಮದಿಂದ ಊರಿನ ನೀರಿನ ಮಟ್ಟ ಏರುವುದಿಲ್ಲವೆಂಬುದು ನಿಜ. ಅಂತರ್ಜಲದ ನಿಯಂತ್ರಣಕ್ಕೆ ರಾಜ್ಯವು ೨೦೧೧ರಲ್ಲಿ ಶಾಸನ ಮಾಡಿದ್ದುಂಟು. ಆದರೂ ಊರಿನವರು ಕೂಡಿ ಒಂದು ಕಟ್ಟಳೆಗೆ ಬರದಿದ್ದರೆ ಶಾಸನವು ಕಾಗದದಲ್ಲಿಯೇ ಉಳಿಯುತ್ತದೆ. ವ್ರತದ ಬೆಲೆ ಇರುವುದು ಇಲ್ಲಿ. ಊರ ಸಭೆಯಲ್ಲಿ ಮಿತಿಯ ಮಾತನ್ನು ಮೊದಲು ಎತ್ತಲು ಯಾರಿಗಾದರೂ ಬಾಯಿರಬೇಕಾದರೆ ಅದು ತನ್ನ ಪಂಪಿಗೆ ತಾನೇ ಹೊತ್ತು ಗೊತ್ತುಮಾಡಿಕೊಂಡವನಿಗೆ ಮಾತ್ರ. ಉಳಿದವರ ಮಾತು ಉಪದೇಶವಾಗುತ್ತದೆ, ಅವನ ಮಾತು ಸಾಕ್ಷ್ಯವಾಗುತ್ತದೆ.

ಹೊಸ ವಿದ್ಯೆಯು ಹಳೆಯ ವಿವೇಕಕ್ಕೆ ಕೈಗೂಡಿಸಿದ ಉದಾಹರಣೆಯೂ ನಮ್ಮಲ್ಲಿಯೇ ಇದೆ. ಹೂಳು ತುಂಬಿ, ಗವಾಕ್ಷಿಗಳಲ್ಲಿ ಕಸ ಸುರಿದು, ಮೇಲೆ ಕಟ್ಟಡಗಳು ಎದ್ದು ಮರೆತುಹೋಗಿದ್ದ ಸುರಂಗ ಬಾವಿಗಳನ್ನು ಕೇರಳದ ಭೂಗೋಳ ಅಧ್ಯಾಪಕರಾದ ವಳ್ಳಿಯಿಲ್ ಗೋವಿಂದನ್‌ಕುಟ್ಟಿಯವರು ಅಳೆದು ನಕ್ಷೆ ಮಾಡಿ ಲೋಕಕ್ಕೆ ತೋರಿಸಿದರು. ನೌಬಾದದ ಸುರಂಗದಿಂದ ಹೂಳು ತೆಗೆಯಲಾಯಿತು. ಮತ್ತೆ ನೀರು ಕಾಣಿಸಿಕೊಂಡಿತು. ೨೦೧೬ರ ಬರಗಾಲದಲ್ಲಿ ಆಗಿನ ಜಿಲ್ಲಾಧಿಕಾರಿ ಅನುರಾಗ ತಿವಾರಿಯವರ ಮುಂದಾಳುತನದಲ್ಲಿ ಜಿಲ್ಲೆಯ ಕೆರೆ ಬಾವಿಗಳ ಹೂಳನ್ನು ಜನರೂ ಯಂತ್ರಗಳೂ ಕೂಡಿ ತೆಗೆದರು. ಯಂತ್ರವು ನೆಲವನ್ನು ಬರಿದು ಮಾಡಲು ಹೇಗೆ ಬಂದೀತೋ, ನೆಲದ ಬಾಯನ್ನು ತೆರೆದು ಮಳೆಯನ್ನು ಒಳಗೆ ಬಿಡಲೂ ಹಾಗೆಯೇ ಬಂದೀತು. ಅದನ್ನು ಹಿಡಿದ ಕೈಗೆ ಮಿತಿ ತಿಳಿದಿರಬೇಕು, ಅಷ್ಟೇ.

ಆದುದರಿಂದ ಹಿರಿಯರೂ ತರುಣರೂ ತಮ್ಮ ತಮ್ಮ ಶಬ್ದಗಳನ್ನು ಬಿಡಬೇಕಾಗಿಲ್ಲ. ಅವುಗಳ ಸ್ಥಾನವನ್ನು ಅರಿತರೆ ಸಾಕು. ಪ್ರತೀಕಾರವಿರುವ ದುಃಖಕ್ಕೆ ಉತ್ಸಾಹದಿಂದ ವಿಜ್ಞಾನದ ನೆರವು ಪಡೆಯೋಣ. ವಸ್ತುವಿನ ಸ್ವಭಾವಕ್ಕೆ ತಲೆಬಾಗೋಣ. ಇವೆರಡರ ನಡುವೆ ತನಗೆಷ್ಟು ಸಾಕೆಂಬುದನ್ನು ಪ್ರತಿಯೊಬ್ಬನೂ ತಾನೇ ಅಳೆದು ವ್ರತವಾಗಿ ಹಿಡಿಯೋಣ. ಬರುವ ಚಾತುರ್ಮಾಸದಲ್ಲಿ ಉಪವಾಸ, ಏಕಾಶನ, ರಸತ್ಯಾಗಗಳ ನಿಯಮ ತೆಗೆದುಕೊಳ್ಳುವ ಬಂಧು ಭಗಿನಿಯರು ಅದರೊಡನೆ ನೀರಿನ ನಿಯಮವೊಂದನ್ನೂ ಸೇರಿಸಿಕೊಳ್ಳಲಿ: ಮನೆಗೆ ದಿನಕ್ಕೆ ಇಷ್ಟು ಕೊಡ, ಹೊಲಕ್ಕೆ ಇಷ್ಟು ತಾಸು, ಬರಿದಾದ ಕೊಳವೆಗೆ ಮುಚ್ಚಳ, ಮಾಳಿಗೆಯ ಮಳೆಗೆ ಇಂಗುಗುಂಡಿ. ನಾಲ್ಕು ತಿಂಗಳು ಪಾಲಿಸಿದ ನಿಯಮವು ಐದನೆಯ ತಿಂಗಳಿಗೆ ಸ್ವಭಾವವಾಗಿ ನಿಲ್ಲುತ್ತದೆ.